ದಿಕ್ಕು ಕಲಿತ ಗಾಜು

ಗಾಜೆಂದೊಡನೆ ನಮಗೆ ನೆನಪಾಗುವುದು ಬಳೆ, ಕಿಟಕಿ, ಲಾಂದ್ರದ ಚಿಮಣಿ. ಲೋಹವೂ ಗಾಜಾಗಬಲ್ಲುದೆಂದರೆ ಕೇಳುವವರಿಗೆ ವಿಚಿತ್ರವೆನಿಸೀತು. ಆದರೆ ವಿಜ್ಞಾನದಲ್ಲಿ ಗಾಜೆಂಬುದು ಒಂದು ವಸ್ತುವಿನ ಹೆಸರಲ್ಲ. ಒಂದು ಸ್ಥಿತಿಯ ಹೆಸರು.

ಸಾಮಾನ್ಯ ಲೋಹದಲ್ಲಿ ಪರಮಾಣುಗಳು ಊಟದ ಪಂಕ್ತಿಯಲ್ಲಿ ಕುಳಿತವರಂತೆ ಸಾಲುಸಾಲಾಗಿರುತ್ತವೆ. ಈ ಜೋಡಣೆಗೆ ಸ್ಫಟಿಕವೆಂದು ಹೆಸರು. ಲೋಹ ಕರಗಿದಾಗ ಅವೇ ಪರಮಾಣುಗಳು ಜಾತ್ರೆಯ ಜನರಂತೆ ಎತ್ತೆತ್ತಲೋ ಅಲೆಯುತ್ತವೆ. ಮೆಲ್ಲನೆ ಆರಿದಾಗ ಮರಳಿ ಪಂಕ್ತಿ ಹಿಡಿಯುತ್ತವೆ. ಪಂಕ್ತಿ ಹಿಡಿಯಲು ಸಮಯವನ್ನೇ ಕೊಡದಿದ್ದರೆ? 1960ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಪೋಲ್ ಡುವೆಜ್ ಮತ್ತು ಸಂಗಡಿಗರು ಚಿನ್ನ-ಸಿಲಿಕಾನ್ ಮಿಶ್ರಲೋಹದ ದ್ರವವನ್ನು ಸೆಕೆಂಡಿಗೆ 10 ಲಕ್ಷ ಡಿಗ್ರಿಯಷ್ಟು ವೇಗದಲ್ಲಿ ತಣಿಸಿದರು. ಜಾತ್ರೆ ನಿಂತಲ್ಲೇ ಕಲ್ಲಾಯಿತು. ಅದೇ ಲೋಹಗಾಜು.

ಮುಂದೆ ಕಬ್ಬಿಣ, ಬೋರಾನ್, ಸಿಲಿಕಾನ್‌ಗಳ ದ್ರವವನ್ನು ತಿರುಗುವ ತಾಮ್ರದ ಗಾಲಿಯ ಮೇಲೆ ಚಿಮ್ಮಿಸಿ ತೆಳುವಾದ ಪಟ್ಟಿಗಳನ್ನು ತೆಗೆದರು. ಇದರ ಕಾಂತತೆ ಬಹಳ ಮೃದು. ಅಡ್ಡಗಟ್ಟಲು ಸ್ಫಟಿಕದ ಗಡಿಗಳಿಲ್ಲದ ಕಾರಣ ಕಾಂತ ದಿಕ್ಕನ್ನು ತಿರುಗಿಸಲು ಅಲ್ಪ ಶಕ್ತಿ ಸಾಕು. ಟ್ರಾನ್ಸ್‌ಫಾರ್ಮರುಗಳ ಒಡಲಲ್ಲಿ ಈ ಪಟ್ಟಿಗಳನ್ನು ಸುತ್ತಿ ವಿದ್ಯುತ್ತಿನ ನಷ್ಟವನ್ನು ತಗ್ಗಿಸುವುದು ಹೀಗೆ.

ಭೌತಶಾಸ್ತ್ರದ ಅಧ್ಯಾಪಕನಾಗಿ ನಾನು ತರಗತಿಯಲ್ಲಿ ಒಂದು ಮಾತನ್ನು ಬಹಳ ಧೈರ್ಯದಿಂದ ಹೇಳುತ್ತಿದ್ದೆ. ವಿಕಿರಣವು ಸ್ಫಟಿಕವನ್ನು ಕೆಡಿಸುವುದು ಪರಮಾಣುಗಳನ್ನು ಸಾಲಿನಿಂದ ಹೊರದೂಡಿ. ಲೋಹಗಾಜಿನಲ್ಲಿ ಸಾಲೇ ಇಲ್ಲದ ಮೇಲೆ ಕೆಡುವುದೇನು? ಬೋಳುತಲೆಗೆ ಬಾಚಣಿಗೆಯ ಭಯವೆಲ್ಲಿ ಎಂದು ನಗಿಸುತ್ತಲೂ ಇದ್ದೆ.

ನನ್ನ ನಗೆ ಅಡಗಿದ್ದು 1983ರ ಒಂದು ವರದಿಯನ್ನು ಓದಿದಾಗ. ಬರ್ಲಿನ್ನಿನ ಅಂದಿನ ಹಾನ್-ಮೈಟ್ನರ್ ಸಂಸ್ಥೆಯಲ್ಲಿ ಕ್ಲೌಮ್ಯುಂಜರ್ ಮತ್ತು ಶೂಮಾಕರ್ ಎಂಬ ವಿಜ್ಞಾನಿಗಳು ಪಲ್ಲಾಡಿಯಂ-ಸಿಲಿಕಾನ್ ಗಾಜಿನ ಹಾಳೆಯ ಮೇಲೆ ಭಾರವಾದ ಅಯಾನುಗಳನ್ನು, ಎಂದರೆ ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಪರಮಾಣುಗಳನ್ನು, ಮಹಾವೇಗದಿಂದ ಹಾಯಿಸಿದ್ದರು. ಹಾಳೆ ಉದ್ದಗಲಗಳಲ್ಲಿ ಬೆಳೆದಿತ್ತು. ಅಯಾನು ಹಾಯ್ದ ದಿಕ್ಕಿನಲ್ಲಿ ತೆಳುವಾಗಿತ್ತು. ಗಾತ್ರ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ.

ಇದೇಕೆ ಹೀಗೆ? ಜನಜಂಗುಳಿಯ ನಡುವೆ ತೇರು ಹಾಯುವುದನ್ನು ನೆನೆಯಿರಿ. ಅಯಾನಿನ ಹಾದಿಯಲ್ಲಿ ಒಂದು ಸಣ್ಣ ಕಂಬದಷ್ಟು ಭಾಗ, ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಕೆಲವೇ ಪಾಲಿನಷ್ಟು ಹೊತ್ತು, ಕಾದು ಸಡಿಲಗೊಳ್ಳುತ್ತದೆ, ಸುತ್ತಲಿನದನ್ನು ಪಕ್ಕಕ್ಕೆ ಒತ್ತುತ್ತದೆ, ಮರುಕ್ಷಣವೇ ಹೆಪ್ಪುಗಟ್ಟುತ್ತದೆ. ಸ್ಫಟಿಕವಾಗಿದ್ದರೆ ಪರಮಾಣುಗಳಿಗೆ ಮರಳಲು ತಮ್ಮ ತಮ್ಮ ಎಲೆ ಕಾದಿರುತ್ತಿತ್ತು. ಗಾಜಿನಲ್ಲಿ ಅಂಥ ನಿಯತ ಸ್ಥಾನವಿಲ್ಲ. ಒತ್ತಿದ ಗುರುತು ಉಳಿದುಬಿಡುತ್ತದೆ. ಕೋಟ್ಯಂತರ ಅಯಾನುಗಳ ಗುರುತುಗಳು ಸೇರಿ ಹಾಳೆಯೇ ಹಿಗ್ಗುತ್ತದೆ. 1995ರಲ್ಲಿ ಟ್ರಿಂಕೌಸ್ ಮತ್ತು ರ್ಯಾಜಾನೊವ್ ಈ ಬಗೆಯ ವಿವರಣೆಯನ್ನು ಗಣಿತಕ್ಕೆ ಅಳವಡಿಸಿದರು.

ಕಾಂತತೆಯೂ ಇದರಿಂದ ಪಾರಾಗದು. ಕಬ್ಬಿಣ ಹೆಚ್ಚಿರುವ ಲೋಹಗಾಜಿನಲ್ಲಿ ಒತ್ತಡಕ್ಕೂ ಕಾಂತ ದಿಕ್ಕಿಗೂ ಹತ್ತಿರದ ನಂಟು. ಒಳಗೆ ಒತ್ತಡ ಬದಲಾದರೆ ಪರಮಾಣುಗಳ ಕಾಂತ ದಿಕ್ಕೂ ವಾಲುತ್ತದೆ. ಅದನ್ನು ಕಾಣಿಸುವುದು 1958ರಲ್ಲಿ ರುಡಾಲ್ಫ್ ಮ್ಯೊಸ್‌ಬೌವರ್ ಕಂಡುಹಿಡಿದ ಪರಿಣಾಮ. ಗ್ಯಾಮಾ ಕಿರಣವನ್ನು ಪಟ್ಟಿಯ ಮೂಲಕ ಹಾಯಿಸಿದಾಗ ಕಬ್ಬಿಣವು ಆರು ಗೆರೆಗಳ ಸಹಿ ಹಾಕುತ್ತದೆ; ಅವುಗಳಲ್ಲಿ ಎರಡನೆಯ ಮತ್ತು ಐದನೆಯ ಗೆರೆಗಳ ಬಲವನ್ನು ಉಳಿದವುಗಳೊಂದಿಗೆ ಹೋಲಿಸಿದರೆ ಕಾಂತ ದಿಕ್ಕು ಎತ್ತ ವಾಲಿದೆಯೆಂದು ತಿಳಿಯುತ್ತದೆ. ಅಯಾನು ಹಾಯ್ದ ಪಟ್ಟಿಗಳಲ್ಲಿ ಈ ಬದಲಾವಣೆಯನ್ನು ಅಳೆದಿದ್ದಾರೆ. ವಿಕಿರಣದ ನಡುವೆ ದುಡಿಯಬೇಕಾದ ಯಂತ್ರಕ್ಕೆ ಲೋಹಗಾಜನ್ನು ಆರಿಸುವವನು ಇದನ್ನು ಮರೆಯುವಂತಿಲ್ಲ.

ಕ್ರಮವಿಲ್ಲದ್ದಕ್ಕೆ ಕಳೆದುಕೊಳ್ಳಲು ಏನೂ ಇಲ್ಲವೆಂದು ನಾನು ಬಗೆದಿದ್ದೆ. ಎಲ್ಲ ದಿಕ್ಕುಗಳನ್ನೂ ಸಮನಾಗಿ ಕಾಣುವ ಗುಣವೊಂದು ಗಾಜಿನಲ್ಲಿತ್ತು. ಅಯಾನು ಕಸಿದದ್ದು ಅದನ್ನೇ. ಮುಂದಿನ ವರ್ಷ ತರಗತಿಯಲ್ಲಿ ಬೋಳುತಲೆಯ ಮಾತನ್ನು ಕೈಬಿಟ್ಟೆ. ಹಿಂದಿನ ವರ್ಷಗಳಲ್ಲಿ ಅದನ್ನು ಕೇಳಿ ನಕ್ಕು ಹೋದವರಿಗೆ ಈ ಭಾಷಣ ನನ್ನ ತಿದ್ದುಪಡಿ.