ಒಣ ಯೀಸ್ಟನ್ನು ಎಚ್ಚರಿಸುವ ಬಗೆ

ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆರೆಯಂಗಳ ಮೊದಲ ಮಳೆಗೆ ಹಸಿರಾಗುವುದನ್ನು ಕಂಡವರಿಗೆ, ಒಣಗಿದುದೆಲ್ಲ ಸತ್ತುದಲ್ಲವೆಂದು ವಿವರಿಸಿ ಹೇಳಬೇಕಾಗಿಲ್ಲ. ಬಿಯರ್ ತಯಾರಿಕೆಗೆ ಬಳಸುವ ಒಣ ಯೀಸ್ಟ್ ಇಂಥದೇ ಒಂದು ವಸ್ತು. ನೋಡಲು ಕಂದುಬಣ್ಣದ ರವೆಯಂತಿರುವ ಇದರ ಒಂದೊಂದು ಗ್ರಾಮಿನಲ್ಲಿಯೂ ನೂರಾರು ಕೋಟಿ ಜೀವಕೋಶಗಳು ನಿದ್ರಿಸುತ್ತಿರುತ್ತವೆ. ಅವುಗಳನ್ನು ಎಚ್ಚರಿಸುವ ಬಗೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಬ್ರಿಟನ್ನಿನಲ್ಲಿ ಸ್ವಂತ ಬಳಕೆಗಾಗಿ ಮನೆಯಲ್ಲಿ ಬಿಯರ್ ತಯಾರಿಸಲು ಬೇಕಾಗಿದ್ದ ಪರವಾನಗಿ 1963ರಲ್ಲಿ ರದ್ದಾಯಿತು. ಅಂದಿನಿಂದ ಅದು ಅಲ್ಲಿ ಜನಪ್ರಿಯ ಹವ್ಯಾಸವಾಗಿ ಬೆಳೆಯಿತು. ನಮ್ಮ ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದುದರಿಂದ ನಾನು ಹೇಳುವುದನ್ನು ಆ ನಾಡಿನ ಅಡುಗೆಮನೆಯ ವಿಜ್ಞಾನವೆಂದು ಭಾವಿಸಬೇಕಾಗಿ ಕೋರುತ್ತೇನೆ.

1516ರಲ್ಲಿ ಜರ್ಮನಿಯ ಬವೇರಿಯ ಪ್ರಾಂತದಲ್ಲಿ ಹೊರಟ ಪ್ರಸಿದ್ಧ ಶಾಸನ ಬಿಯರಿಗೆ ಬಾರ್ಲಿ, ಹಾಪ್ ಹೂ, ನೀರು ಇವಿಷ್ಟೇ ಸಾಕೆಂದಿತು. ಅದರಲ್ಲಿ ಯೀಸ್ಟಿನ ಹೆಸರೇ ಇಲ್ಲ. ಹುದುಗು ತರುವುದು ಒಂದು ಜೀವಿಯೆಂದು ಥಿಯೋಡೋರ್ ಶ್ವಾನ್ ಮೊದಲಾದವರು ಹೇಳಿದ್ದು 1837ರ ಸುಮಾರಿಗೆ. ಲೂಯಿ ಪಾಶ್ಚರ್ ಬಿಯರನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1876ರಲ್ಲಿ. ಕಣ್ಣಿಗೆ ಕಾಣದೆ ದುಡಿಯುವವರಿಗೆ ಹೆಸರು ಬರುವುದು ತಡವಾಗಿಯೇ ಅಲ್ಲವೆ?

ಒಣಗಿಸುವಾಗ ಯೀಸ್ಟಿನ ಕೋಶ ತನ್ನ ನೀರನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಅದರ ಹೊರಪೊರೆ ಒಣದ್ರಾಕ್ಷಿಯ ಸಿಪ್ಪೆಯಂತೆ ಸುಕ್ಕುಗಟ್ಟುತ್ತದೆ. ಟ್ರೆಹಲೋಸ್ ಎಂಬ ಸಕ್ಕರೆ ಆ ಪೊರೆ ಮುರಿಯದಂತೆ ಕಾಪಾಡುತ್ತದೆ. ಮತ್ತೆ ನೀರು ತಗುಲಿದಾಗ ಪೊರೆ ಮೊದಲಿನ ರೂಪಕ್ಕೆ ಬರಬೇಕು. ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ. ಆ ಕೆಲವು ನಿಮಿಷಗಳಲ್ಲಿ, ಯಾವುದನ್ನು ಒಳಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಹತೋಟಿ ಕೋಶಕ್ಕೆ ಇರುವುದಿಲ್ಲ. ನೀರು ತಣ್ಣಗಿದ್ದರೆ ಪೊರೆ ಸೋರಿ ಒಳಗಿನ ಸತ್ತ್ವ ಹೊರಕ್ಕೆ ಹರಿದುಹೋಗುತ್ತದೆ. ತೀರ ಬಿಸಿಯಾಗಿದ್ದರೆ ಕೋಶ ಬೆಂದೇಹೋಗುತ್ತದೆ. ಸಕ್ಕರೆ ತುಂಬಿದ ಬಾರ್ಲಿಯ ರಸಕ್ಕೆ ನೇರವಾಗಿ ಬಿದ್ದರೆ ನೀರನ್ನು ಹೀರಿಕೊಳ್ಳುವುದೇ ಕಷ್ಟವಾಗುತ್ತದೆ. ದೀರ್ಘ ಉಪವಾಸ ಮುಗಿಸಿದವನಿಗೆ ಮೊದಲು ನೀರು, ಆಮೇಲೆ ತಿಳಿಗಂಜಿ, ಕೊನೆಗೆ ಊಟ ಎಂಬ ನಮ್ಮ ಹಿರಿಯರ ಕ್ರಮ ಇಲ್ಲಿಯೂ ಸಲ್ಲುತ್ತದೆ.

ಸುಮಾರು 20 ಲೀಟರ್ ರಸಕ್ಕೆ 11 ಗ್ರಾಮಿನ ಒಂದು ಪೊಟ್ಟಣ ಸಾಮಾನ್ಯವಾಗಿ ಸಾಕು. ಶುಚಿಯಾದ ಪಾತ್ರೆಯಲ್ಲಿ, ಕುದಿಸಿ ಆರಿಸಿದ ನೀರನ್ನು ಯೀಸ್ಟಿನ ಹತ್ತರಷ್ಟು ತೂಕ, ಎಂದರೆ 110 ಮಿಲಿಲೀಟರ್, ತೆಗೆದುಕೊಳ್ಳಬೇಕು. ಅದರ ಶಾಖ 30ರಿಂದ 35 ಡಿಗ್ರಿ ಸೆಲ್ಸಿಯಸ್ ಇರಲಿ. ಹೆಪ್ಪು ಹಾಕುವ ಹಾಲಿನಂತೆ ಉಗುರುಬೆಚ್ಚಗೆ ಎಂದರೂ ಸರಿಯೆ. ಅದರ ಮೇಲೆ ಯೀಸ್ಟನ್ನು ತೆಳುವಾಗಿ ಉದುರಿಸಿ, ಹದಿನೈದು ನಿಮಿಷ ಮುಟ್ಟದೆ ಬಿಡಬೇಕು. ಬಳಿಕ ಮೆಲ್ಲಗೆ ಕಲಕಿ, ಐದು ನಿಮಿಷ ತಡೆದು, ತಣಿದ ಬಾರ್ಲಿ ರಸವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಎರಡರ ಶಾಖದ ಅಂತರವನ್ನು 10 ಡಿಗ್ರಿಗಿಂತ ಕಡಿಮೆ ಮಾಡಬೇಕು. ಆಮೇಲೆ ತಡಮಾಡದೆ ದೊಡ್ಡ ಪಾತ್ರೆಗೆ ಸುರಿಯಬೇಕು, ಎಚ್ಚೆತ್ತವರನ್ನು ಹಸಿದಿರಿಸಬಾರದು.

ಈಚಿನ ಕೆಲವು ತಳಿಗಳನ್ನು ನೇರವಾಗಿ ರಸದ ಮೇಲೆ ಉದುರಿಸಬಹುದೆಂದು ತಯಾರಕರೇ ತಿಳಿಸುತ್ತಾರೆ. ಆದುದರಿಂದ ಪೊಟ್ಟಣದ ಮೇಲಿನ ಸೂಚನೆಯನ್ನು ಓದುವುದು ವಿವೇಕ. ಆದರೆ ಇಷ್ಟು ಎಚ್ಚರವೇಕೆಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಸಿಹಿಯಾದ ಆ ರಸ ಯೀಸ್ಟಿಗೊಂದಕ್ಕೇ ಮೀಸಲಲ್ಲ. ಗಾಳಿಯಲ್ಲಿ, ಪಾತ್ರೆಯಲ್ಲಿ ಇರುವ ಬ್ಯಾಕ್ಟೀರಿಯಗಳೂ ಅದಕ್ಕಾಗಿ ಕಾದಿರುತ್ತವೆ. ಯೀಸ್ಟಿನ ಕೋಶಗಳು ಬಹುವಾಗಿ ಸತ್ತು, ಉಳಿದವು ಬಳಲಿದ್ದರೆ, ಮೊದಲು ಬೇರೂರುವವರು ಅವರೇ. ವಾರಗಟ್ಟಲೆ ಕಾದು ತೆರೆದ ಪಾತ್ರೆಯಲ್ಲಿ ಕೊನೆಗೆ ದೊರೆಯುವುದು ಹುಳಿನೀರು. ಮೊದಲ ಅರ್ಧ ಗಂಟೆಯಲ್ಲಿ ತೋರಿದ ತಾಳ್ಮೆ ಆ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಲ್ಲದು.