ದುಪ್ಪಟ್ಟು ಎಂಜಿನ್, ದುಪ್ಪಟ್ಟು ವೇಗವೇ?

ಹಿಟ್ನಾಳಕ್ಕೆ ಸಮೀಪದ ತುಂಗಭದ್ರಾ ಜಲಾಶಯದಲ್ಲಿ ಮೀನುಗಾರರ ಹರಿಗೋಲಿಗೆ ರಟ್ಟೆಯೇ ಎಂಜಿನ್. ದುಂಡನೆಯ ಬುಟ್ಟಿಗೆ ಯಂತ್ರ ಕೂರಿಸಲು ಹಿಂಬದಿಯಾದರೂ ಎಲ್ಲಿದೆ? ಹೊನ್ನಾವರ, ಕುಂದಾಪುರದ ನಾಡದೋಣಿಗಳ ಮಾತು ಬೇರೆ. ಅಲ್ಲಿ ದೋಣಿಯ ಹಿಂದೆ, ಹೊರಗಡೆಗೆ ಔಟ್‌ಬೋರ್ಡ್ ಎಂಜಿನ್ ತೂಗುತ್ತಿರುತ್ತದೆ. 10 ಅಶ್ವಶಕ್ತಿಯದನ್ನು ತೆಗೆದು 20ರದನ್ನು ಹಾಕಿದರೆ ವೇಗ ಇಮ್ಮಡಿಯಾದೀತೆ?

ಇಲ್ಲ. ವೇಗ ಇಮ್ಮಡಿಯಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಸಾಮರ್ಥ್ಯವೆಂದರೆ ಬಲ ಗುಣಿಸು ವೇಗ. ಹೀಗಾಗಿ ಬೇಕಾಗುವುದು 8 ಪಟ್ಟು ಸಾಮರ್ಥ್ಯ! ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಲಿ: 2ರ ಘನಮೂಲ 1.26. ಗಂಟೆಗೆ 10 ಕಿ.ಮೀ. ಸಾಗುತ್ತಿದ್ದ ದೋಣಿ 12.6 ಕಿ.ಮೀ. ಸಾಗೀತು, ಅಷ್ಟೆ. ಪೂರ್ತಿ ಓಡಿಸಿದರೆ ಇಂಧನ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ದೋಣಿ ತಾನೆಬ್ಬಿಸಿದ ಅಲೆಯನ್ನೇ ಏರಬೇಕಾಗುವುದರಿಂದ ನಿಜವಾದ ಗಳಿಕೆ ಇನ್ನೂ ಕಡಿಮೆ. (ನೀರಿನ ಮೇಲೆ ಜಾರಿಹೋಗುವ ಹಗುರ ಸ್ಪೀಡ್‌ಬೋಟಿಗೆ ಈ ಲೆಕ್ಕ ಅನ್ವಯಿಸದು.)

ಸಾಲ ಮಾಡುವ ಮುನ್ನ, ಹಿಂಬದಿಯ ಹಲಗೆ ಎಷ್ಟು ಅಶ್ವಶಕ್ತಿ ತಾಳುತ್ತದೆಂದು ದೋಣಿ ಕಟ್ಟಿದವರನ್ನು ಕೇಳಬೇಕು. ಭಾರಕ್ಕೆ ಹಿಂಭಾಗ ತಗ್ಗಿದರೆ ನೀರು ಒಳನುಗ್ಗುತ್ತದೆ. ಹೊರೆ ಎಳೆಯಲು ತಿಣುಕುವ ಎಂಜಿನ್ನಿಗೆ ಮೊದಲು ಪ್ರೊಪೆಲ್ಲರ್ ಬದಲಿಸಿ ನೋಡಬಹುದು, ಅದು ಅಗ್ಗ. ನದಿ ಕಡಲು ಸೇರುವ ಅಳಿವೆಯ ಸೆಳೆತಕ್ಕೆದುರಾಗಿ ಮೀನು ತುಂಬಿಕೊಂಡು ಮರಳಬೇಕಾದವರಿಗೆ ಮಾತ್ರ ಹೆಚ್ಚುವರಿ ಶಕ್ತಿಗೆ ಕೊಟ್ಟ ಹಣ ದುಬಾರಿಯಲ್ಲ.