ಪಕ್ಕದಲ್ಲೇ ಶಕ್ತಿನಗರ, ಹೊಲಕ್ಕೆ ಯಾಕಿಲ್ಲ ಕರೆಂಟ್?

ರಾಯಚೂರಿನ ಪಕ್ಕದಲ್ಲೇ ಶಕ್ತಿನಗರ.
1720 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರ.
ಆದ್ರೂ ದೇವದುರ್ಗ, ಮಾನ್ವಿಯ ಪಂಪ್‌ಸೆಟ್‌ಗೆ
ದಿನವಿಡೀ ತ್ರೀ ಫೇಸ್ ಯಾಕೆ ಸಿಗಲ್ಲ?

ಕರೆಂಟ್ ತಯಾರಿಸೋದು ಬೇರೆ.
ಹೊಲಕ್ಕೆ ಮುಟ್ಟಿಸೋದು ಬೇರೆ.

ಕರೆಂಟ್ ವ್ಯವಸ್ಥೆ ಸರಿಮಾಡೋಕೆ 1999ರಲ್ಲಿ ಕರ್ನಾಟಕ ಕಾನೂನು ತಂತು.
ವಿದ್ಯುತ್ ಮಂಡಳಿ ಕೆಇಬಿ ಬದಲು ಕೆಪಿಟಿಸಿಎಲ್ ಕಂಪನಿ ಬಂತು.
ದರ ನಿಗದಿಗೆ ಸ್ವತಂತ್ರ ಆಯೋಗ ಬಂತು.
2002ರಲ್ಲಿ ನಮ್ಮ ಭಾಗಕ್ಕೆ ಕರೆಂಟ್ ಹಂಚೋ ಕಂಪನಿ ಜೆಸ್ಕಾಂ ಬಂತು.

ಆದ್ರೆ ಸುಧಾರಣೆ ಅಂದ್ರೆ ಕಾಲುವೆ ಇದ್ದಂಗೆ.
ಒಮ್ಮೆ ತೋಡಿದ್ರೆ ಸಾಲದು,
ಹೂಳು ತೆಗೀತಾನೇ ಇರಬೇಕು.
ಇಲ್ಲಾಂದ್ರೆ ಕೊನೆ ಭಾಗದ ರೈತರಿಗೆ ನೀರಿಲ್ಲ.

ಇಲ್ಲಿ ಹೂಳು ಯಾವುದು?
ಬಾಕಿ ಹಣ.

10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ.
ರೈತರಿಗೆ ಅದು ಬೇಕೇ ಬೇಕು.
ಆದ್ರೆ ಆ ದುಡ್ಡನ್ನ ಸರ್ಕಾರ ಜೆಸ್ಕಾಂಗೆ ಕಟ್ಟಬೇಕು.
ಅದೂ ಮುಂಗಡವಾಗಿ.
2003ರ ವಿದ್ಯುತ್ ಕಾಯ್ದೆ ಹೇಳೋದೇ ಇದು.

ತಡವಾದ್ರೆ ಏನಾಗುತ್ತೆ?
ಜೆಸ್ಕಾಂ ಸಾಲ ಬೆಳೆಯುತ್ತೆ.
ಹೊಸ ಲೈನು, ಹೊಸ ಟ್ರಾನ್ಸ್‌ಫಾರ್ಮರ್ ಹಿಂದೆ ಬೀಳುತ್ತೆ.

ನಾವೇನು ಮಾಡಬಹುದು?
ದರ ಬದಲಿಸೋ ಮುಂಚೆ ಆಯೋಗ ಜನರ ಆಕ್ಷೇಪಣೆ ಕೇಳುತ್ತೆ.
ದೇವದುರ್ಗದ ರೈತರು, ಮಾನ್ವಿಯ ಅಂಗಡಿಯವರು,
ಯಾರು ಬೇಕಾದ್ರೂ ಬರೆದು ಕೊಡಬಹುದು.

ಈ ಸಲ ನೀವೂ ಕೊಡಿ.
ಒಂದೇ ಪ್ರಶ್ನೆ ಸಾಕು:
ಸಬ್ಸಿಡಿ ಹಣ ಸಮಯಕ್ಕೆ ಬಂತಾ?